ಮೀಟರ್ ನಂಬಲಾಗದ ಹಳೆಯ ಡೀಸೆಲ್ ಕಾರನ್ನು ಕೊಳ್ಳುವ ಬಗೆ: ಹಾಸನ, ಚಿಕ್ಕಮಗಳೂರು ಸೀಮೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಕೆ.ಎಂ. ರಸ್ತೆಯಲ್ಲಾಗಲಿ ಹಳೆಯ ಕಾರುಗಳನ್ನು ನೋಡುತ್ತ ಹೊರಟವರಿಗೆ ಬೇಗನೆ ಕಣ್ಣಿಗೆ ಬೀಳುವ ಸಂಗತಿಯೊಂದಿದೆ. ಹತ್ತು ವರ್ಷ ತುಂಬಿದ ಡೀಸೆಲ್ ಕಾರುಗಳ ಮೀಟರು ಬಹುಪಾಲು ಅರವತ್ತರಿಂದ ಎಂಬತ್ತು ಸಾವಿರ ಕಿಲೋಮೀಟರಿನ ನಡುವೆಯೇ ನಿಂತಿರುತ್ತದೆ. ಡೀಸೆಲ್ ಕಾರು ಹೊಸತಾಗಿದ್ದಾಗ ಅದೇ ಮಾದರಿಯ ಪೆಟ್ರೋಲ್ ಕಾರಿಗಿಂತ ಗಣನೀಯವಾಗಿ ದುಬಾರಿಯಾಗಿರುತ್ತಿತ್ತು. ಆ ಹೆಚ್ಚುವರಿ ಹಣವನ್ನು ಕೊಟ್ಟವರು ಸಾಮಾನ್ಯವಾಗಿ ಗಾಡಿಯನ್ನು ಚೆನ್ನಾಗಿ ಓಡಿಸುವ ಉದ್ದೇಶದಿಂದಲೇ ಕೊಟ್ಟಿರುತ್ತಾರೆ. ಹಾಗಿರುವಾಗ ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಎನ್ನುವ ಡೀಸೆಲ್ ಕಾರು ಅಪರೂಪದ ವಸ್ತು. ಅಂಥವು ಇಲ್ಲವೆಂದಲ್ಲ, ತೋಟದ ಮನೆಗಳ ಶೆಡ್ಡಿನಲ್ಲಿ ಮೂರನೆಯ ಗಾಡಿಯಾಗಿ ನಿಂತವು ನಿಜಕ್ಕೂ ಇವೆ. ಆದರೆ ಮಾರಾಟಕ್ಕೆ ಬರುವಷ್ಟು ಸಂಖ್ಯೆಯಲ್ಲಿ ಇರಲಾರವು.

ಈಗಿನ ಡಿಜಿಟಲ್ ಮೀಟರಿನ ಅಂಕಿಯು ಒಂದು ಚಿಕ್ಕ ಚಿಪ್ಪಿನಲ್ಲಿ ಉಳಿದಿರುತ್ತದೆ. ಸೂಕ್ತ ಉಪಕರಣವಿದ್ದರೆ ಅದನ್ನು ಬದಲಿಸುವುದು ಗಂಟೆಯೊಳಗಿನ ಕೆಲಸ. ಆದ್ದರಿಂದ ಮೀಟರನ್ನು ಮಾರುವವನ ಬಾಯಿಮಾತೆಂದೇ ಪರಿಗಣಿಸಬೇಕು. ನನ್ನ ಅಭಿಪ್ರಾಯ ಇನ್ನೂ ಒಂದು ಹೆಜ್ಜೆ ಮುಂದಿದೆ: ಮಲೆನಾಡಿನಲ್ಲಿ ಎಷ್ಟು ಓಡಿದೆ ಎಂಬುದಕ್ಕಿಂತ ಎಲ್ಲಿ ಓಡಿದೆ ಎಂಬುದೇ ದೊಡ್ಡ ಪ್ರಶ್ನೆ. ಹಾಸನ ಮತ್ತು ಬೆಂಗಳೂರಿನ ನಡುವೆ ಐದನೆಯ ಗೇರಿನಲ್ಲಿ ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ಓಡಿದ ಕಾರು, ತೋಟದ ಮಣ್ಣುದಾರಿಯಲ್ಲಿ ಮೊದಲ ಹಾಗೂ ಎರಡನೆಯ ಗೇರಿನಲ್ಲೇ ಎಪ್ಪತ್ತು ಸಾವಿರ ಉರುಳಿದ ಕಾರಿಗಿಂತ ಗಟ್ಟಿಯಾಗಿರುವುದು ಸಾಧ್ಯ. ಕೆಳಗಿನ ಎಲ್ಲ ಪರೀಕ್ಷೆಗಳ ಗುರಿಯೂ ಇದೇ: ನಿಜವಾದ ಓಟವನ್ನು ಅಂದಾಜು ಮಾಡುವುದು, ಆ ಓಟದ ಬಗೆಯನ್ನು ತಿಳಿಯುವುದು, ಬಳಿಕ ಮೀಟರಿಗಲ್ಲದೆ ಗಾಡಿಗೆ ಬೆಲೆ ಕಟ್ಟುವುದು. ಅಂದಹಾಗೆ, ಮಾರುವವರು ‘ಮೈಲೇಜ್ ಚೆನ್ನಾಗಿದೆ’ ಎಂದರೆ ಅದು ಲೀಟರಿಗೆ ಎಷ್ಟು ಕೊಡುತ್ತದೆ ಎಂಬ ಮಾತು. ಓಡಿದ ದೂರವನ್ನು ಬೇರೆಯಾಗಿಯೇ ಕೇಳಬೇಕು.

ಗಾಡಿ ನೋಡುವ ಮುನ್ನ ಕಾಗದ ನೋಡುವುದು

ಮೊದಲ ಹೆಜ್ಜೆಯನ್ನು ಮನೆಯಲ್ಲೇ ಕುಳಿತು ಇಡಬಹುದು. ಮಾರುವವರಿಂದ ಆರ್‌ಸಿ, ವಿಮೆ ಮತ್ತು ಹೊಗೆ ತಪಾಸಣೆ ಪತ್ರಗಳ ಚಿತ್ರಗಳನ್ನು ತರಿಸಿಕೊಂಡು, ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆಯನ್ನು ಹಾಕಿ, ನೋಂದಣಿಯ ದಿನಾಂಕ, ಎಷ್ಟನೆಯ ಮಾಲೀಕರು, ಸಾಲದ ಉಲ್ಲೇಖ ಮತ್ತು ಮಾಲಿನ್ಯ ಮಾನದಂಡಗಳನ್ನು ತಾಳೆ ನೋಡಬೇಕು. ಕೆಎ 13 ಹಾಸನದ್ದು, ಕೆಎ 46 ಸಕಲೇಶಪುರದ್ದು, ಕೆಎ 18 ಚಿಕ್ಕಮಗಳೂರಿನದು, ಕೆಎ 66 ತರೀಕೆರೆಯದು. ಈ ಸಂಖ್ಯೆಗಳು ಗಾಡಿಯ ಊರನ್ನು ಹೇಳುತ್ತವೆಯೇ ಹೊರತು ಅದು ತಿರುಗಿದ ದಾರಿಯನ್ನು ಹೇಳುವುದಿಲ್ಲ. ಹಳದಿ ಬೋರ್ಡಿನಲ್ಲಿ ದುಡಿದು ಬಳಿಕ ಬಿಳಿ ಬೋರ್ಡಿಗೆ ಬದಲಾದ ಡಿಸೈರ್, ಇಟಿಯಾಸ್, ಇನ್ನೋವಾಗಳು ಈ ಸೀಮೆಯಲ್ಲಿ ಸಾಕಷ್ಟಿವೆ. ಅಂಥ ಗಾಡಿಯ ಮೀಟರು ಎಂಬತ್ತು ಸಾವಿರ ತೋರಿಸಿದರೆ, ಅದರ ಮುಂದೆ ಇನ್ನೊಂದು ಅಂಕಿ ಇದ್ದಿರಬೇಕೆಂದು ಊಹಿಸುವುದು ಅನ್ಯಾಯವೇನಲ್ಲ.

ಹೊರರಾಜ್ಯದ ನೋಂದಣಿಯಿದ್ದರೆ ಎಚ್ಚರವು ಇಮ್ಮಡಿಯಾಗಿರಲಿ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ದೆಹಲಿ ಸುತ್ತಮುತ್ತ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೊಳಿಸಲು ಹೇಳಿತು. ಆ ಬಳಿಕ ಅಲ್ಲಿನ ಗಾಡಿಗಳು ಅಗ್ಗದ ಬೆಲೆಗೆ ದೇಶದ ಬೇರೆಡೆಗೆ ಹರಿದುಬಂದವು. ಇಂಥವುಗಳಿಗೆ ಮೂಲ ಸಾರಿಗೆ ಕಚೇರಿಯ ಎನ್‌ಒಸಿ (ಆಕ್ಷೇಪಣೆಯಿಲ್ಲವೆಂಬ ಪತ್ರ), ಕರ್ನಾಟಕದ ಜೀವಿತಾವಧಿ ತೆರಿಗೆ, ಮರುನೋಂದಣಿ ಇವೆಲ್ಲವೂ ಬೇಕಾಗುವುದರಿಂದ, ಕಡಿಮೆ ಬೆಲೆಯ ಲಾಭವು ಸಾರಿಗೆ ಕಚೇರಿಯಲ್ಲೇ ಕರಗಿಹೋಗುವುದುಂಟು.

ಓಟದ ಸಾಕ್ಷ್ಯವನ್ನು ಹುಡುಕಲು ಅತ್ಯುತ್ತಮ ಜಾಗವೆಂದರೆ ಕಂಪನಿಯ ಸರ್ವೀಸ್ ದಾಖಲೆ. ಮಾರುವವರನ್ನು ಜೊತೆಗೆ ಕರೆದುಕೊಂಡು, ಅಥವಾ ಅವರ ಒಪ್ಪಿಗೆ ಪಡೆದು, ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ನೋಂದಣಿ ಸಂಖ್ಯೆಯನ್ನು ಕೊಟ್ಟು ಕೇಳಿದರೆ, ಪ್ರತಿ ಭೇಟಿಯ ದಿನಾಂಕವೂ ಅಂದಿನ ಕಿಲೋಮೀಟರೂ ಸಿಗುವ ಸಾಧ್ಯತೆಯಿದೆ. ಉದಾಹರಣೆಗೆ 2014ರ ಕಾರೊಂದು 2016ರಲ್ಲಿ 38,000, 2018ರಲ್ಲಿ 79,000 ತೋರಿಸಿ, ಆಮೇಲೆ ಕೇಂದ್ರಕ್ಕೆ ಬಾರದೆ, ಇಂದು 84,000 ತೋರಿಸುತ್ತಿದೆ ಎಂದುಕೊಳ್ಳಿ. ಕಂಪನಿಯ ದಾಖಲೆ ಇರುವ ತನಕ ವರ್ಷಕ್ಕೆ ಇಪ್ಪತ್ತು ಸಾವಿರದಂತೆ ಓಡಿದ ಗಾಡಿ, ದಾಖಲೆ ನಿಂತ ಮೇಲೆ ಏಕಾಏಕಿ ನಿಂತುಬಿಟ್ಟಿತೇ? ಮಾಲೀಕರು ಬದಲಾಗಿರಬಹುದು, ಕೊರೊನಾ ಕಾಲದಲ್ಲಿ ಓಡಿಲ್ಲದಿರಬಹುದು. ಆದರೆ ವಿವರಣೆಯನ್ನು ಅವರು ಕೊಡಬೇಕು, ನೀವು ಹುಡುಕಿಕೊಡಬಾರದು.

ಇನ್ನೊಂದು ಉಪಾಯವನ್ನು ಬಹಳ ಮಂದಿ ಬಳಸುವುದಿಲ್ಲ. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಮಾರುವವರ ಫಾಸ್ಟ್ಯಾಗ್ ಖಾತೆಯ ವಿವರಪಟ್ಟಿಯನ್ನು ಕೇಳಿ ನೋಡಿ. ಅದರಲ್ಲಿ ಶಾಂತಿಗ್ರಾಮದ ಟೋಲ್ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ. ಹಾಸನದಿಂದ ಬೆಂಗಳೂರಿಗೆ ಹೋಗಿಬರಲು ಸುಮಾರು 370 ಕಿಲೋಮೀಟರ್ ಆಗುತ್ತದೆ. ಮೂರು ವರ್ಷಗಳಲ್ಲಿ ನೂರು ಬಾರಿ ಹೋಗಿಬಂದಿದ್ದರೆ ಅದೊಂದೇ 37,000 ಆಯಿತು. ಮೀಟರಿನ ಏರಿಕೆ ಅದಕ್ಕಿಂತ ಕಡಿಮೆಯಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಪಟ್ಟಿಯನ್ನು ಕೊಡಲು ಹಿಂಜರಿಯುವವರೆಲ್ಲ ಮೋಸಗಾರರಲ್ಲ. ಆದರೆ ಮಧ್ಯವರ್ತಿಗಿಂತ ನೇರ ಮಾಲೀಕರು ಇದನ್ನು ಸುಲಭವಾಗಿ ತೋರಿಸುತ್ತಾರೆ ಎಂಬುದು ನನ್ನ ಗಮನಕ್ಕೆ ಬಂದಿದೆ.

ವಿಮೆಯ ಪತ್ರದಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಸತತವಾಗಿ ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಗರಿಷ್ಠ ಶೇ. 50ಕ್ಕೆ ಏರುತ್ತದೆ. ‘ಒಂದು ಗೀರೂ ಬಿದ್ದಿಲ್ಲ’ ಎನ್ನುವ ಗಾಡಿಯ ಪಾಲಿಸಿಯಲ್ಲಿ ಬೋನಸ್ ಸೊನ್ನೆಯಿದ್ದರೆ, ಹಿಂದಿನ ವರ್ಷ ಕ್ಲೇಮ್ ಆಗಿರಬೇಕು, ಇಲ್ಲವೇ ವಿಮೆ ತಪ್ಪಿಹೋಗಿರಬೇಕು, ಇಲ್ಲವೇ ಮಾಲೀಕರು ಇತ್ತೀಚೆಗಷ್ಟೇ ಬದಲಾಗಿರಬೇಕು. ಮೂರರಲ್ಲಿ ಯಾವುದೆಂದು ಕೇಳುವುದು ನಿಮ್ಮ ಹಕ್ಕು.

ನಿಂತ ಗಾಡಿಯನ್ನು ಓದುವುದು

ಗಾಡಿಯನ್ನು ಬೆಳಗಿನ ಹೊತ್ತು, ಒಣಗಿದ ಮೈಯಲ್ಲಿ ನೋಡಬೇಕು. ಮಳೆಯಲ್ಲಿ ನೆನೆದ ಬಣ್ಣ ಎಲ್ಲವನ್ನೂ ಮುಚ್ಚುತ್ತದೆ. ಮೀಟರ್ ಇಳಿಸುವವರು ಕ್ಲಚ್ ಪೆಡಲಿನ ರಬ್ಬರ್, ಸ್ಟೀರಿಂಗ್ ಕವರ್, ಗೇರ್ ಹಿಡಿ ಮತ್ತು ಸೀಟಿನ ಹೊದಿಕೆಗಳನ್ನು ಬದಲಿಸುವಷ್ಟು ಜಾಣರಾಗಿರುತ್ತಾರೆ. ಆದ್ದರಿಂದ ಹೊಸತಾಗಿ ಕಾಣುವ ರಬ್ಬರನ್ನು ಕಂಡು ಸಮಾಧಾನಪಡುವ ಬದಲು ಅನುಮಾನಪಡಬೇಕು. ಅವರು ಬದಲಿಸದ ಜಾಗಗಳನ್ನು ನೋಡುವುದೇ ಉಪಾಯ. ಚಾಲಕನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಅದರ ಅಂಚು ನಾರುನಾರಾಗಿದೆಯೇ, ಬಿಟ್ಟಾಗ ತಾನಾಗಿ ಒಳಗೆ ಹೋಗುತ್ತದೆಯೇ ಎಂಬುದು ತಿಳಿಯುತ್ತದೆ. ಹೊದಿಕೆಯನ್ನು ಎತ್ತಿ, ಇಳಿಯುವ ಬದಿಯ ಸೀಟಿನ ಫೋಮ್ ಕುಸಿದಿದೆಯೇ ನೋಡಿ. ಕಿಟಕಿಯ ಗುಂಡಿಗಳ ಮೇಲಿನ ಗುರುತುಗಳು ಅಳಿಸಿವೆಯೇ, ಚಾಲಕನ ಬಾಗಿಲು ಕೀಲಿನಲ್ಲಿ ಜೋತಿದೆಯೇ ಪರೀಕ್ಷಿಸಿ. ಮುಂದಿನ ಗಾಜನ್ನು ಬೆಳಗಿನ ಓರೆಬಿಸಿಲಿಗೆ ಹಿಡಿದು ನೋಡಿದಾಗ ಸೂಜಿಮೊನೆಯಂಥ ಸಾವಿರಾರು ಚುಕ್ಕೆಗಳು ಹೊಳೆದರೆ, ಅದು ಹೆದ್ದಾರಿಯಲ್ಲಿ ಬಹಳ ಓಡಿದ ಗಾಡಿಯ ಗುರುತು. ಗಾಜು ಮಾತ್ರ ಹೊಸತಾಗಿದ್ದು ಬಾನೆಟ್ಟಿನ ಮೂತಿಯ ತುಂಬ ಕಲ್ಲೇಟುಗಳಿದ್ದರೂ ಅರ್ಥ ಅದೇ.

ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ: 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದದ್ದು. ಕಾರಿನ ಟೈರು ಸಾಮಾನ್ಯವಾಗಿ ನಲವತ್ತರಿಂದ ಐವತ್ತು ಸಾವಿರ ಕಿಲೋಮೀಟರ್ ಬಾಳುತ್ತದೆ. ಗಾಡಿ 2014ರದು, ಮೀಟರು ನಲವತ್ತೈದು ಸಾವಿರ, ಆದರೆ ಸ್ಟೆಪ್ನಿ 2018ರದು, ನಾಲ್ಕು ಚಕ್ರಗಳು 2022ರವು ಎಂದಾದರೆ, ಎರಡನೆಯ ಜೊತೆಯೂ ಸವೆದು ಮೂರನೆಯದು ನಡೆಯುತ್ತಿದೆ ಎಂದೇ ಲೆಕ್ಕ. ಬ್ರೇಕ್ ಡಿಸ್ಕಿನ ಹೊರ ಅಂಚಿನಲ್ಲಿ ಉಗುರಿಗೆ ತಾಗುವ ದಿಂಡು ಎದ್ದಿದೆಯೇ ಎಂಬುದನ್ನೂ ನೋಡಿ.

ನಾನೇ ಒಮ್ಮೆ ಎಡವಿದ್ದು ಇಂಥ ಸಣ್ಣ ವಿಷಯದಲ್ಲೇ. 72,000 ತೋರಿಸುತ್ತಿದ್ದ ಗಾಡಿಯನ್ನು ಮಧ್ಯವರ್ತಿಯೊಬ್ಬರ ಮೂಲಕ ಕೊಂಡು, ಮನೆಗೆ ತಂದು ತೊಳೆಯುವಾಗ, ಬಾನೆಟ್ಟಿನ ಒಳಬದಿಯ ಮೂಲೆಯಲ್ಲಿ ಮಣ್ಣು ಮುಚ್ಚಿದ್ದ ಆಯಿಲ್ ಬದಲಾವಣೆಯ ಚೀಟಿಯೊಂದು ಸಿಕ್ಕಿತು. ಎರಡು ವರ್ಷದ ಹಿಂದಿನ ದಿನಾಂಕ, ಕೆಳಗೆ 1,34,000 ಎಂದು ಬಾಲ್‌ಪೆನ್ನಿನ ಅಕ್ಷರ. ಆ ಗಾಡಿ ಆಮೇಲೂ ನಾಲ್ಕು ವರ್ಷ ತಕರಾರಿಲ್ಲದೆ ಓಡಿತು ಎಂಬುದು ನಿಜ. ಆದರೆ ನಾನು ಕೊಟ್ಟದ್ದು 72,000ದ ಬೆಲೆ. ಅಂದಿನಿಂದ ಬಾನೆಟ್, ಬಾಗಿಲಿನ ಚೌಕಟ್ಟು, ಏರ್ ಫಿಲ್ಟರಿನ ಡಬ್ಬಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಇವುಗಳಲ್ಲಿ ಚೀಟಿ ಹುಡುಕದೆ ನಾನು ಯಾವ ಗಾಡಿಯ ಮಾತನ್ನೂ ಆಡುವುದಿಲ್ಲ.

ಮಲೆನಾಡಿನ ಗಾಡಿಗೆ ತುಕ್ಕಿನ ಪರೀಕ್ಷೆ ಬೇರೆಯಾಗಿಯೇ ಆಗಬೇಕು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮಳೆಗಾಲದುದ್ದಕ್ಕೂ ಹಸಿ ಮಣ್ಣು ಗಾಡಿಯ ಅಡಿಗೆ ಅಂಟಿಕೊಂಡೇ ಇರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಸ್ಟೆಪ್ನಿ ಕೂರುವ ಗುಂಡಿ, ಹಿಂದಿನ ಆಕ್ಸಲ್ ಹಿಡಿದಿರುವ ಜಾಗ, ಬ್ರೇಕ್ ಪೈಪುಗಳು ಇವನ್ನು ಗ್ಯಾರೇಜಿನ ಲಿಫ್ಟಿಗೆ ಏರಿಸಿಯೇ ನೋಡಬೇಕು. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ; ಗಟ್ಟಿ ಲೋಹಕ್ಕೂ ತುಕ್ಕು ತಿಂದ ತಗಡಿಗೂ ದನಿ ಬೇರೆ. ಅರಸೀಕೆರೆ, ಕಡೂರಿನಂಥ ಬಯಲುಸೀಮೆಯ ಕಡೆಯ ಗಾಡಿಗಳಲ್ಲಿ ಈ ತೊಂದರೆ ಕಡಿಮೆ. ಉಳಿದದ್ದೆಲ್ಲ ಸಮವಾಗಿದ್ದರೆ ನಾನು ಅವುಗಳಿಗೇ ಹೆಚ್ಚು ಬೆಲೆ ಕೊಡುತ್ತೇನೆ. ತೋಟದಲ್ಲಿ ಕಾಫಿ ಮೂಟೆ, ಗೊಬ್ಬರ ಹೊತ್ತ ಬೊಲೆರೊದಂಥ ಗಾಡಿಯಾದರೆ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ: ಹಿಂಭಾಗ ಕುಸಿದಿದೆಯೇ, ಬಾಗಿರಬೇಕಾದ ಸ್ಪ್ರಿಂಗ್ ಪ್ಲೇಟುಗಳು ನೇರವಾಗಿಬಿಟ್ಟಿವೆಯೇ ಎಂಬುದು ಕಣ್ಣಿಗೇ ಕಾಣುತ್ತದೆ.

ತಣ್ಣಗಿನ ಎಂಜಿನ್ನನ್ನು ಎಬ್ಬಿಸುವುದು

ಇಡೀ ಪರೀಕ್ಷೆಯಲ್ಲಿ ಬಿಟ್ಟುಕೊಡಬಾರದ ಷರತ್ತು ಇದೊಂದೇ: ಎಂಜಿನ್ ರಾತ್ರಿಯಿಡೀ ನಿಂತು ತಣ್ಣಗಾಗಿರಬೇಕು, ಅದನ್ನು ನಿಮ್ಮ ಮುಂದೆಯೇ ಚಾಲೂ ಮಾಡಬೇಕು. ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂದಿರುಗಿ. ಡೀಸೆಲ್ ಎಂಜಿನ್ ಕಿಡಿಯಿಂದಲ್ಲ, ಒತ್ತಡದ ಕಾವಿನಿಂದ ಹೊತ್ತಿಕೊಳ್ಳುವಂಥದ್ದು. ಪಿಸ್ಟನ್ ರಿಂಗು ಸವೆದು ಒತ್ತಡ ಕುಗ್ಗಿದ್ದರೆ, ತಣ್ಣಗಿನ ಎಂಜಿನ್ನಿಗೆ ಕಾವು ಕೊಡುವ ಗ್ಲೋ ಪ್ಲಗ್ ಸತ್ತಿದ್ದರೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿದ್ದರೆ, ಅದು ತಣ್ಣಗಿರುವಾಗಲೇ ಬಯಲಾಗುತ್ತದೆ. ಬಿಸಿಯಾದ ಮೇಲೆ ಎಲ್ಲ ಎಂಜಿನ್‌ಗಳೂ ಸಾಧುಗಳೇ. ಈ ವಿಷಯದಲ್ಲಿ ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನ ಚಳಿಗಿಂತ ನಿಷ್ಪಕ್ಷಪಾತಿ ಪರೀಕ್ಷಕ ಇನ್ನೊಬ್ಬನಿಲ್ಲ.

ಕೀಲಿ ತಿರುಗಿಸಿ, ಸುರುಳಿಯ ಆಕಾರದ ದೀಪ ಆರುವ ತನಕ ಕಾದು, ಚಾಲೂ ಮಾಡಿ. ಒಂದೆರಡು ಸುತ್ತಿಗೆ ಹೊತ್ತಿಕೊಳ್ಳಬೇಕು. ಸ್ನೇಹಿತರೊಬ್ಬರನ್ನು ಹಿಂದೆ ನಿಲ್ಲಿಸಿ ಹೊಗೆ ನೋಡಲು ಹೇಳಿ. ತಣ್ಣಗಿನ ಮೊದಲ ಕ್ಷಣದಲ್ಲಿ ಸ್ವಲ್ಪ ಬಿಳಿ ಆವಿ ಸಹಜ. ಅದು ನಿಲ್ಲದೆ, ಕಣ್ಣುರಿಸುವ ಡೀಸೆಲ್ ವಾಸನೆಯೊಡನೆ ಬಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆಯಿದ್ದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ (ಎಂಜಿನ್ನಿನ ತಲೆಭಾಗದ ಸಂದನ್ನು ಮುಚ್ಚುವ ಹಾಳೆಯ) ಅನುಮಾನ. ನೀಲಿ ಛಾಯೆಯೆಂದರೆ ಆಯಿಲ್ ಉರಿಯುತ್ತಿದೆ. ರಿಂಗು, ವಾಲ್ವ್ ಸೀಲ್ ಅಥವಾ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಕಾರಣವಾಗಿರಬಹುದು. ಕಪ್ಪು ಹೊಗೆ ಗಾಳಿಗಿಂತ ಇಂಧನ ಹೆಚ್ಚಾದದ್ದರ ಗುರುತು. ಕಾರಣ ಕೊಳೆ ಹಿಡಿದ ಏರ್ ಫಿಲ್ಟರಿನಷ್ಟು ಅಗ್ಗವೂ ಆಗಿರಬಹುದು, ಇಂಜೆಕ್ಟರುಗಳಷ್ಟು ದುಬಾರಿಯೂ ಆಗಿರಬಹುದು.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ಅಲ್ಲೇ ಕೂರಿಸಿ ನೋಡಿ. ಅಲ್ಪ ನಡುಕವಿದ್ದರೆ ಚಿಂತೆಯಿಲ್ಲ. ಮುಚ್ಚಳ ಎಗರಿದರೆ, ಹೊಗೆ ಗುಪ್ಪುಗುಪ್ಪೆಂದು ಉಗಿಯುತ್ತಿದ್ದರೆ, ಉರಿದ ಅನಿಲ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ. ಅಲ್ಲಿಗೆ ಮಾತುಕತೆ ಮುಗಿಸಬಹುದು. ಡಿಪ್‌ಸ್ಟಿಕ್ಕಿನ ಆಯಿಲ್ ಕಪ್ಪಗಿದೆ ಎಂದು ಗಾಬರಿಯಾಗಬೇಡಿ, ಡೀಸೆಲ್‌ನಲ್ಲಿ ಅದು ಹೊಸದಾಗಿ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಹಾಲು ಕಲಸಿದಂತಿದ್ದರೆ ಮಾತ್ರ ನೀರು ಸೇರಿದೆಯೆಂದು ತಿಳಿಯಬೇಕು. ಇಂಜೆಕ್ಟರುಗಳ ಬುಡದಲ್ಲಿ ಟಾರಿನಂಥ ಕರಿ ಅಂಟು ಗಟ್ಟಿಯಾಗಿದ್ದರೆ ಅಲ್ಲಿನ ವಾಷರ್ ಸೋರುತ್ತಿದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಮಾಲಿನ್ಯ ಮಾನದಂಡದ ಡೀಸೆಲ್ ಕಾರುಗಳಿಗೆ ಇನ್ನೊಂದು ಪರೀಕ್ಷೆಯಿದೆ. ಅವುಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರು ಇರುತ್ತದೆ. ಆ ಮಸಿ ಸುಟ್ಟುಹೋಗಲು ಆಗಾಗ ಹೆದ್ದಾರಿಯ ಒಂದೇ ವೇಗದ ಓಟ ಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂದು ನಾಲ್ಕು ಕಿಲೋಮೀಟರಿನ ಓಡಾಟ ಮಾತ್ರ ಮಾಡಿದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ; ಅರ್ಧಕ್ಕೇ ನಿಂತ ಶುದ್ಧೀಕರಣದಿಂದ ಡೀಸೆಲ್ ಇಳಿದು ಆಯಿಲ್ ಮಟ್ಟ ಗರಿಷ್ಠ ಗೆರೆಯನ್ನು ದಾಟುವುದೂ ಉಂಟು. ಕೊಳವೆಯ ತುದಿಗೆ ಬೆರಳು ಹಾಕಿ ಒರೆಸಿ. ಹಳೆಯ ಗಾಡಿಗಳಲ್ಲಿ ಮಸಿ ಸಹಜ. ಬಿಎಸ್ 6 ಗಾಡಿಯಲ್ಲಿ ಬೆರಳು ಕಪ್ಪಾದರೆ ಫಿಲ್ಟರ್ ಒಡೆದಿದೆ ಅಥವಾ ಯಾರೋ ತೆಗೆದುಹಾಕಿದ್ದಾರೆ. ಇಂಥ ಗಾಡಿಗಳಲ್ಲಿ ಕಡಿಮೆ ಕಿಲೋಮೀಟರ್ ಎಂಬುದು ಹೊಗಳಿಕೆಯೇ ಅಲ್ಲ.

ಸ್ಕ್ಯಾನರ್ ಹಾಕಿಸುವುದು

ಸ್ಟೀರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಬಲ್ಲ ಮೆಕ್ಯಾನಿಕ್ಕರನ್ನು ಕರೆದುಕೊಂಡು ಹೋಗಿ. ಗಾಡಿ ಮಾರುವವರ ಪರಿಚಯದವರಾಗಿರದಿದ್ದರೆ ಒಳ್ಳೆಯದು. ದೋಷದ ಕೋಡುಗಳಷ್ಟೇ ಅಲ್ಲ, ಓಟದ ಕುರುಹುಗಳೂ ಅಲ್ಲಿ ಸಿಗುತ್ತವೆ. ಕೆಲವು ಕಾರುಗಳಲ್ಲಿ ಮೀಟರಿನ ಜೊತೆಗೆ ಎಂಜಿನ್, ಎಬಿಎಸ್ ಅಥವಾ ಏರ್‌ಬ್ಯಾಗ್ ಘಟಕಗಳಲ್ಲೂ ಕಿಲೋಮೀಟರ್ ದಾಖಲಾಗಿರುತ್ತದೆ. ಮೀಟರ್ ಇಳಿಸಿದವರು ಇವೆಲ್ಲವನ್ನೂ ಮುಟ್ಟಿರುವುದಿಲ್ಲ. ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಸಿಕ್ಕರೆ ಅದು ಚಿನ್ನದಂಥ ಮಾಹಿತಿ. 4,000 ಗಂಟೆ ಓಡಿದ ಎಂಜಿನ್, ಮೀಟರಿನಲ್ಲಿ 60,000 ಎಂದರೆ ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್ ಆಯಿತು. ‘ಬರೀ ಬೆಂಗಳೂರಿಗೆ ಹೋಗಿಬಂದ ಗಾಡಿ’ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ತೋಟದ ಗಾಡಿಯಾದರೆ ಆ ಸರಾಸರಿ ನಿಜವೂ ಇರಬಹುದು. ಆಗ ಮೀಟರ್ ಸತ್ಯವಾಗಿದ್ದರೂ ಎಂಜಿನ್ ಮಾತ್ರ ಲಕ್ಷ ದಾಟಿದ ಗಾಡಿಯಷ್ಟೇ ದುಡಿದಿದೆ ಎಂದು ಎಣಿಸಬೇಕು.

ಏರಿನಲ್ಲಿ ಓಡಿಸಿ ನೋಡುವುದು

ಪೇಟೆಯೊಳಗೆ ಒಂದು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ಚಿಕ್ಕಮಗಳೂರಿನವರು ಕೈಮರದಿಂದ ಮೇಲಕ್ಕೇರುವ ರಸ್ತೆಯನ್ನು, ಪ್ರವಾಸಿಗರ ಗದ್ದಲವಿಲ್ಲದ ವಾರದ ದಿನದಲ್ಲಿ ಬಳಸಬಹುದು. ಹಾಸನದವರು ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಸ್ವಲ್ಪ ಇಳಿದು ಮರಳಿ ಏರಬಹುದು. ಹೋಗುವ ದಾರಿಯ ಹೆದ್ದಾರಿಯಲ್ಲಿ ವೇಗದ ಪರೀಕ್ಷೆಯೂ ಆಗುತ್ತದೆ. ಏರಿನಲ್ಲಿ ಮೂರನೆಯ ಗೇರಿನಲ್ಲಿ ಹೋಗುವಾಗ ಆ್ಯಕ್ಸಿಲರೇಟರನ್ನು ಪೂರ್ತಿ ಒತ್ತಿ. ಎಂಜಿನ್ನಿನ ಸುತ್ತು ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಟರ್ಬೊ ಎಳೆತ ಒಂದು ಹಂತದಲ್ಲಿ ತಾನಾಗಿ ತುಂಬಿಕೊಳ್ಳಬೇಕು; ಸೈರನ್ನಿನಂಥ ಕೂಗು ಬಂದರೆ ಅಥವಾ ಏಕಾಏಕಿ ಶಕ್ತಿ ಕುಸಿದು ಎಚ್ಚರಿಕೆಯ ದೀಪ ಹತ್ತಿದರೆ ಖರ್ಚು ದೊಡ್ಡದು. ತಾಪದ ಮುಳ್ಳು ಅಲುಗಬಾರದು. ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟು ಎರಡನೆಯ ಗೇರಿನಲ್ಲಿ ಇಳಿಯುವಾಗ ಗೇರ್ ತಾನಾಗಿ ಜಾರಿ ಹೊರಬರುತ್ತದೆಯೇ ನೋಡಿ. ಮರಳಿ ಬಂದು ಎಂಜಿನ್ ಆರಿಸಿದಾಗ ಕೊನೆಯ ಕ್ಷಣದಲ್ಲಿ ಕಬ್ಬಿಣ ಕುಲುಕಿದ ಸದ್ದಾದರೆ ಫ್ಲೈವ್ಹೀಲ್ ಸವೆದಿರುವ ಸಾಧ್ಯತೆಯಿದೆ.

ಬೆಲೆ ಕಟ್ಟುವುದು ಮತ್ತು ಕಾಗದ ಮುಗಿಸುವುದು

ಸಿಕ್ಕ ಸಾಕ್ಷ್ಯಗಳನ್ನೆಲ್ಲ ಒಟ್ಟಿಗೆ ಇಟ್ಟು ನಿಮ್ಮದೇ ಅಂದಾಜು ಕಿಲೋಮೀಟರನ್ನು ಕಾಗದದ ಮೇಲೆ ಬರೆಯಿರಿ. ಅನುಮಾನವಿದ್ದಲ್ಲಿ ದೊಡ್ಡ ಅಂಕಿಯನ್ನೇ ಹಿಡಿಯಿರಿ. ಆ ಓಟಕ್ಕೆ ಆಗಬೇಕಾದ ಕೆಲಸಗಳು ಆಗಿವೆಯೇ ಎಂಬುದೇ ಬೆಲೆಯ ತಿರುಳು. ಹಳೆಯ ಇನ್ನೋವಾದ 2.5 ಲೀಟರ್ ಎಂಜಿನ್, ಡಸ್ಟರಿನ 1.5 ಲೀಟರ್ ಡೀಸೆಲ್ ಇವುಗಳಲ್ಲಿ ವಾಲ್ವುಗಳನ್ನು ಪಿಸ್ಟನ್ನಿನ ಲಯಕ್ಕೆ ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟ್ ಇರುತ್ತದೆ. ಮೀಟರ್ ಸುಳ್ಳಾದರೆ ಬೆಲ್ಟ್ ಬದಲಿಸುವ ಹೊತ್ತೂ ತಪ್ಪುತ್ತದೆ. ಓಡುವಾಗ ತುಂಡಾದರೆ ವಾಲ್ವುಗಳು ಬಾಗಿ ಎಂಜಿನ್ ಬಿಚ್ಚಬೇಕಾಗುತ್ತದೆ. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಎಣಿಸಿ ಆ ಖರ್ಚನ್ನು ಬೆಲೆಯಿಂದ ಕಳೆಯಿರಿ. ಸ್ವಿಫ್ಟ್, ಡಿಸೈರ್‌ಗಳ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಚೈನ್ ಇರುತ್ತದೆ. ಅಲ್ಲಿ ತಣ್ಣಗಿನ ಚಾಲೂವಿನಲ್ಲಿ ಗರಗರ ಸದ್ದಿದೆಯೇ ಕೇಳಿದರೆ ಸಾಕು. ಕ್ಲಚ್, ಟೈರು, ಸಸ್ಪೆನ್ಶನ್ ಇವುಗಳ ಖರ್ಚನ್ನು ಮೆಕ್ಯಾನಿಕ್ಕರಿಂದ ಬರೆಸಿಕೊಂಡೇ ಚೌಕಾಸಿಗೆ ಕೂರಿ. ಅನುಮಾನವನ್ನು ಎಸೆಯುವುದಕ್ಕಿಂತ ಅಂಕಿಗಳನ್ನು ಮುಂದಿಡುವುದು ಹೆಚ್ಚು ಕೆಲಸ ಮಾಡುತ್ತದೆ. ‘ಅಣ್ಣಾ, ನೀವು ಮೀಟರ್ ತಿರುಗಿಸಿದ್ದೀರಿ’ ಎಂದರೆ ಜಗಳವಾಗುತ್ತದೆ, ‘ಈ ಟೈರು ಮೂರನೆಯ ಜೊತೆಯಲ್ಲವೇ ಅಣ್ಣಾ’ ಎಂದರೆ ಬೆಲೆ ಇಳಿಯುತ್ತದೆ.

ನೋಂದಣಿಗೆ ಹದಿನೈದು ವರ್ಷ ತುಂಬಲು ಎಷ್ಟು ಉಳಿದಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ಆ ಬಳಿಕ ಗಾಡಿಯನ್ನು ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ.

ಮುಂಗಡ ಚಿಕ್ಕದಿರಲಿ, ಹಣ ಬ್ಯಾಂಕಿನ ಮೂಲಕ ಹೋಗಲಿ. ಕರಾರುಪತ್ರದಲ್ಲಿ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳ ಜೊತೆಗೆ ಅಂದಿನ ಮೀಟರ್ ಅಂಕಿಯನ್ನೂ, ತನಗೆ ತಿಳಿದಂತೆ ಅದನ್ನು ಬದಲಿಸಿಲ್ಲವೆಂಬ ಮಾರುವವರ ಹೇಳಿಕೆಯನ್ನೂ ಬರೆಸಿ ಸಹಿ ಹಾಕಿಸಿ. ಈ ಒಂದು ಸಾಲು ಬರೆಯುವಾಗ ಪೆನ್ನು ಎತ್ತಲು ತಡಮಾಡುವವರನ್ನು ನೋಡಿದ್ದೇನೆ. ಹಕ್ಕು ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಸಾಲವಿದ್ದರೆ ಬ್ಯಾಂಕಿನ ಪತ್ರ ಮತ್ತು ನಮೂನೆ 35. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಬದಲಿಸಿಕೊಳ್ಳಲು ವಿಮಾ ಕಂಪನಿಗೆ 14 ದಿನಗಳೊಳಗೆ ಅರ್ಜಿ ಹಾಕಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. ಮಧ್ಯವರ್ತಿಯ ಬಳಿ ಖಾಲಿ ಸಹಿ ಹಾಕಿದ ನಮೂನೆಗಳಿದ್ದು ಮಾಲೀಕರು ಕಣ್ಣಿಗೇ ಬೀಳದಿದ್ದರೆ, ಆರ್‌ಸಿಯಲ್ಲಿರುವ ವ್ಯಕ್ತಿಯನ್ನು ಒಮ್ಮೆಯಾದರೂ ಮುಖತಃ ಭೇಟಿಯಾಗಿ, ಎಷ್ಟು ಕಿಲೋಮೀಟರಿಗೆ ಗಾಡಿಯನ್ನು ಬಿಟ್ಟಿರಿ ಎಂದು ಕೇಳಿ. ಮೀಟರಿನ ಪ್ರಶ್ನೆಗೆ ಅತಿ ಚಿಕ್ಕ ಉತ್ತರ ಸಿಗುವುದು ಎಷ್ಟೋ ಬಾರಿ ಅಲ್ಲಿಯೇ.

ಗಾಡಿ ಮನೆಗೆ ಬಂದ ವಾರದೊಳಗೆ ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ತೆಗೆದ ಡೀಸೆಲ್ ಫಿಲ್ಟರನ್ನು ಕತ್ತರಿಸಿ ನೋಡಿದಾಗ ಒಳಗೆ ಲೋಹದ ಹೊಳಪಿನ ಪುಡಿ ಕಂಡರೆ ಹೈ ಪ್ರೆಶರ್ ಪಂಪಿನ ಕಡೆ ಕೂಡಲೇ ಗಮನ ಕೊಡಬೇಕು. ಅಂದಿನ ಮೀಟರ್ ಅಂಕಿ ಮತ್ತು ನಿಮ್ಮ ಅಂದಾಜು ಅಂಕಿ ಎರಡನ್ನೂ ದಿನಾಂಕದೊಂದಿಗೆ ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿ, ಮುಂದಿನ ಬೆಲ್ಟ್ ಮತ್ತು ಆಯಿಲ್ ಬದಲಾವಣೆಯ ಲೆಕ್ಕವನ್ನು ಅಂದಾಜು ಅಂಕಿಯಿಂದಲೇ ಹಿಡಿಯಿರಿ.